ಕೊನೆಗೆ ಉಣ್ಣುವ ಮನೆಗೆ ಬಂದ ಸಕ್ಕರೆ ಕಾಯಿಲೆ

ಬರವಣಿಗೆಯಲ್ಲಿ ನನಗೆ ಅಭ್ಯಾಸವಿಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ ಆದ್ದರಿಂದ, ಬರೆದದ್ದನ್ನು ತೋರಿಸಿ ತಿದ್ದಿಸಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ವೈದ್ಯಕೀಯ ವಿಷಯವನ್ನು ಎಲ್ಲಾದರೂ ತಪ್ಪಾಗಿ ಹೇಳಿದ್ದರೆ, ಅಥವಾ ಹಿರಿಯರ ಆಚರಣೆಯ ಬಗ್ಗೆ ಲಘುವಾಗಿ ಬರೆದಂತೆ ತೋರಿದರೆ, ಓದುಗರು ಅದನ್ನು ನನ್ನ ಅರಿವಿನ ಕೊರತೆಯೆಂದು ತಿಳಿದು ಮನ್ನಿಸಬೇಕು. ತರೀಕೆರೆಯ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಬೆಂಚಿದೆ. ಅದರ ಮೇಲೆ ನಾನು ಮೊದಲ ಸಲ ಕುಳಿತಾಗ, ನನ್ನ ವಯಸ್ಸಿನವರು ಯಾರಾದರೂ ಪಕ್ಕದಲ್ಲಿರಬಾರದೇ ಎಂದು ಬಹಳವಾಗಿ ಅನ್ನಿಸಿತ್ತು. ನನ್ನ ನಂತರ ಆ ಬೆಂಚಿನ ಮೇಲೆ ಕೂರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಅಜ್ಜಂಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಶಿಕ್ಷಕ. ಕೆಲಸಕ್ಕೆ ಸೇರಿದ ವರ್ಷವೇ ನನ್ನ ಕಣ್ಣು ಮಂಜಾಗತೊಡಗಿತು. ಕಪ್ಪುಹಲಗೆಯ ಮೇಲೆ ನಾನೇ ಬರೆದ ಅಕ್ಷರಗಳು ಕೊಠಡಿಯ ಹಿಂಬದಿಯಿಂದ ನೋಡಿದರೆ ನೀರಿನಲ್ಲಿ ಅಲುಗಾಡಿದಂತೆ ಕಾಣುತ್ತಿದ್ದವು. ಕಡೂರಿಗೆ ಹೋಗಿ ಕನ್ನಡಕ ಮಾಡಿಸಿಕೊಂಡೆ. ಒಂದು ವಾರ ಎಲ್ಲವೂ ಸ್ಪಷ್ಟವಾಗಿತ್ತು. ಅನಂತರ ಅದೇ ಕನ್ನಡಕ ಹಾಕಿದರೆ ತಲೆ ನೋಯುವುದು, ತೆಗೆದರೆ ಮಂಜು. ಅಂಗಡಿಯವರ ಕೆಲಸ ಸರಿಯಿಲ್ಲವೆಂದು ಮನಸ್ಸಿನಲ್ಲೇ ದೂರಿಕೊಂಡು ಮತ್ತೆ ಕಡೂರಿಗೆ ಹೋದೆ. ಅವರು ಹತ್ತಿರದ ಕಣ್ಣಿನ ವೈದ್ಯರಲ್ಲಿಗೆ ಕಳಿಸಿದರು.

ವೈದ್ಯರು ನನ್ನ ಕಣ್ಣನ್ನು ನೋಡಿದ ಮೇಲೆ, ತೊಡೆಯ ಮೇಲಿದ್ದ ಎರಡು ಲೀಟರಿನ ನೀರಿನ ಬಾಟಲಿಯನ್ನೂ ನೋಡಿದರು.

"ನೀರು ಜಾಸ್ತಿ ಕುಡೀತೀರಾ?"

"ಹೌದು ಸಾರ್. ಆರೋಗ್ಯಕ್ಕೆ ಒಳ್ಳೆಯದು ಎಂದು ಓದಿದ್ದೇನೆ" ಎಂದೆ. ಪರೀಕ್ಷೆಯಲ್ಲಿ ಸರಿಯುತ್ತರ ಬರೆದವನ ತೃಪ್ತಿ ನನ್ನ ಧ್ವನಿಯಲ್ಲಿ ಇದ್ದಿರಬೇಕು.

"ಪ್ಯಾಂಟಿಗೆ ಬೆಲ್ಟ್ ಯಾವಾಗಿಂದ ಬಿಗಿ ಮಾಡ್ತಿದೀರಿ?" ಎಂದು ಅವರು ಕೇಳಿದರು. ಹೊಸ ತೂತನ್ನು ನಾನೇ ಮೊಳೆಯಿಂದ ಮಾಡಿಕೊಂಡಿದ್ದೆ. ಅದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗಲೇ ಅವರು ರಕ್ತ ಪರೀಕ್ಷೆಗೆ ಚೀಟಿ ಬರೆದು ಕೊಟ್ಟರು.

ಸಕ್ಕರೆ ಬಹಳ ಹೆಚ್ಚಿದೆ ಎಂದಿದ್ದ ಆ ವರದಿಯನ್ನು ಹಿಡಿದುಕೊಂಡು ತರೀಕೆರೆಗೆ ಹೋದದ್ದು ತಂದೆಯವರ ಜೊತೆಗೆ. ಹೊರಡುವಾಗ ಅವರು, "ಡಿಗ್ರಿ ಸರ್ಟಿಫಿಕೇಟ್ ಇಟ್ಕೊಳೋ. ಓದಿರೋನು ಅಂತ ಗೊತ್ತಾದ್ರೆ ಸರಿಯಾಗ್ ನೋಡ್ತಾರೆ" ಎಂದರು. ಅದರಿಂದ ಉಪಯೋಗವಿಲ್ಲವೆಂದು ನನಗೆ ತಿಳಿದಿತ್ತು. ಆದರೂ ಇಟ್ಟುಕೊಂಡೆ.

ಬೆಂಚಿನ ತುಂಬ ತಂದೆಯವರ ವಯಸ್ಸಿನವರೇ ಇದ್ದರು. ಬೀರೂರಿನಿಂದ ಬಂದಿದ್ದ ಒಬ್ಬ ನಿವೃತ್ತ ರೈಲ್ವೆ ನೌಕರರು ಜಾಗ ಬಿಟ್ಟುಕೊಡುತ್ತಾ ನನ್ನನ್ನು ಕೇಳಿದರು. "ನಿಮ್ಮಪ್ಪಂಗೆ ಎಷ್ಟ್ ವರ್ಷದಿಂದ ಐತಪ್ಪಾ?"

ನಾನು ಉತ್ತರಿಸುವ ಮೊದಲೇ ಒಳಗಿನಿಂದ "ವೆಂಕಟೇಶ" ಎಂದು ನನ್ನ ಹೆಸರು ಕರೆದರು. ನಾವಿಬ್ಬರೂ ಎದ್ದೆವು. ನರ್ಸ್ ನೇರವಾಗಿ ತಂದೆಯವರ ಕೈ ಹಿಡಿದು ಕೂರಿಸಿ, ಬೆರಳು ಚುಚ್ಚಿಯೇಬಿಟ್ಟರು. ಅವರು ತುಟಿ ಬಿಚ್ಚಲಿಲ್ಲ. ದೊಡ್ಡ ಊರಿನಲ್ಲಿ ಇದೂ ಒಂದು ಪದ್ಧತಿಯಿರಬಹುದೆಂದು ಅವರು ತಿಳಿದಿದ್ದರಂತೆ. ಅವರ ಸಕ್ಕರೆ ಪ್ರಮಾಣ ಬಹಳ ಚೆನ್ನಾಗಿತ್ತು.

"ನೋಡಿ, ನಾರ್ಮಲ್ ಐತಲ್ಲಾ ಯಜಮಾನ್ರೇ" ಎಂದು ನರ್ಸ್ ಸಂತೋಷಪಟ್ಟರು.

"ನಂಗಲ್ಲ ಕಣಮ್ಮಾ, ಇವ್ನಿಗೆ" ಎಂದು ತಂದೆಯವರು ನನ್ನ ಕಡೆ ಕೈ ತೋರಿಸಿದರು. ನರ್ಸ್ ನನ್ನನ್ನು ಒಮ್ಮೆ ನೋಡಿ, ಇನ್ನೊಂದು ಸೂಜಿ ತೆಗೆದರು. ಬೆಂಚಿನ ಮೇಲಿದ್ದ ರೈಲ್ವೆಯವರು ತಮ್ಮ ಚೀಲವನ್ನು ಸರಿಪಡಿಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು.

ವೈದ್ಯರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ತಿಳಿದವರು ಹೇಳಬಲ್ಲರು. ಮಾತ್ರೆಯಿಂದ ಆಗುವುದಿಲ್ಲ, ಬೆಳಿಗ್ಗೆ ಮತ್ತು ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ತಂದೆಯವರು ಕೈ ಮುಗಿದು ಕೇಳಿದರು.

"ಎಷ್ಟ್ ದಿನದಾಗೆ ವಾಸಿ ಆಗ್ತದೆ ಸ್ವಾಮಿ?"

"ವಾಸಿ ಆಗಲ್ಲ ಯಜಮಾನ್ರೇ. ಜೊತೇಲಿಟ್ಕೊಂಡು ಚೆನ್ನಾಗೇ ಬದುಕಬಹುದು. ಒಂದು ಮಾತ್ರ ನೆನಪಿಟ್ಕೊಳ್ಳಿ. ಸೂಜಿ ತಗೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಆಗ್ಬೇಕು. ಮಧ್ಯಾಹ್ನದ ಊಟ ತಪ್ಪಿದ್ರೆ ಸಕ್ಕರೆ ಇಳಿದುಹೋಗುತ್ತೆ. ಅದು ಪ್ರಾಣಕ್ಕೇ ಕುತ್ತು ತರುತ್ತೆ."

"ಒಂದ್ ದಿನ ತಡ ಆದ್ರೆ?"

"ಒಂದ್ ದಿನವೂ ಬೇಡ."

ವಾಪಸ್ಸು ಬರುವಾಗ ತಂದೆಯವರು ಬಸ್ಸಿನಲ್ಲಿ ಕಿಟಕಿಯ ಕಡೆ ಕುಳಿತು, ಈರುಳ್ಳಿ ಹೊಲಗಳನ್ನು ನೋಡುತ್ತಾ ಬಂದರು. ಅವರು ಏನನ್ನು ಯೋಚಿಸುತ್ತಿದ್ದಾರೆಂದು ನನಗೆ ತಿಳಿದಿತ್ತು. ಅದನ್ನು ಓದುಗರಿಗೆ ವಿವರಿಸಬೇಕು.

ನಮ್ಮ ತಂದೆಯವರು ಊರಿನ ದಾಸಯ್ಯ. ಅಜ್ಜನೂ ಅದೇ, ಅವರಪ್ಪನೂ ಅದೇ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಭಾಗದಲ್ಲಿ ಹಿರಿಯರ ಹಬ್ಬ ಮಾಡುತ್ತಾರೆ. ತೀರಿಕೊಂಡವರಿಗೆ ಇಷ್ಟವಾಗಿದ್ದ ತಿಂಡಿ, ಹೊಸ ಬಟ್ಟೆಗಳನ್ನು ಬಾಳೆ ಎಲೆಯ ಮುಂದೆ ಇಟ್ಟು ಎಡೆ ಮಾಡುತ್ತಾರೆ. ದಾಸಯ್ಯ ಬಂದು ಶಂಖ ಊದಿ, ಜಾಗಟೆ ಬಾರಿಸಿ, ಗೋವಿಂದ ಹಾಕಿದ ಮೇಲೆ ಬಾಗಿಲು ಮುಚ್ಚಿ, ಹಿರಿಯರು ಉಂಡುಹೋಗಲೆಂದು ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಅದಾದ ಬಳಿಕವೇ ಆ ಮನೆಯವರ ಊಟ. ದಾಸಯ್ಯ ಮುಂದಿನ ಮನೆಗೆ ಹೋಗಬೇಕು. ಊರಿನ ಎಲ್ಲ ಮನೆಗಳ ಎಡೆ ಮುಗಿಯುವವರೆಗೆ ಅವನಾಗಲಿ, ಅವನ ಜೊತೆ ಶಂಖ ಊದುವವನಾಗಲಿ, ಅವನ ಮನೆಯವರಾಗಲಿ ಅನ್ನ ಮುಟ್ಟುವಂತಿಲ್ಲ. ಊರಿನ ಹಿರಿಯರೆಲ್ಲ ಉಂಡ ಮೇಲೆ ನಮ್ಮ ಮನೆಯ ಹಿರಿಯರ ಸರದಿ. ಹೊತ್ತು ಮುಳುಗುವ ವೇಳೆಗೆ ನಮ್ಮ ಊಟ. ತಂದೆಯವರಿಗೆ ಉಬ್ಬಸವಿರುವುದರಿಂದ ಕೆಲವು ವರ್ಷಗಳಿಂದ ಶಂಖ ಊದುತ್ತಿದ್ದವನು ನಾನು.

ಮನೆಗೆ ಬಂದು ವಿಷಯ ಹೇಳಿದಾಗ ತಾಯಿಯವರು ಅಳಲಿಲ್ಲ. ಮೊದಲು ಬೀದಿ ಬಾಗಿಲು ಹಾಕಿ ಬಂದರು.

"ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಹೇಳ್ಬ್ಯಾಡಿ. ಊರ ಹಿರೀಕರಿಗೆಲ್ಲ ಉಣ್ಸೋ ಮನೇಲೇ ಹಿಂಗಾಗೈತೆ ಅಂದ್ರೆ, ಏನೋ ತಪ್ ಮಾಡವ್ರೆ ಅಂತಾರೆ. ಬಾಯಿಗೆ ಬೀಗ ಹಾಕಕ್ಕಾಗ್ತದಾ?"

ಹೀಗೆ ನನ್ನ ಕಾಯಿಲೆ ಮನೆಯ ನಾಲ್ಕು ಗೋಡೆಗಳ ನಡುವೆ ಉಳಿಯಿತು. ಇನ್ಸುಲಿನ್ನಿನ ಪೆಟ್ಟಿಗೆಯನ್ನು ತಾಯಿಯವರು ಫ್ರಿಜ್ಜಿನಲ್ಲಿ ಹುಣಸೆಹಣ್ಣಿನ ಡಬ್ಬಿಯ ಹಿಂದೆ ಇಟ್ಟರು. ಮೊದಲ ವಾರ ನಾನು ಚುಚ್ಚಿಕೊಳ್ಳುವಾಗ ಅವರು ಅಡುಗೆಮನೆಗೆ ಹೋಗಿ ಏನನ್ನಾದರೂ ಜೋರಾಗಿ ತೊಳೆಯುತ್ತಿದ್ದರು. ಎರಡನೆಯ ವಾರ ಬಾಗಿಲಲ್ಲಿ ನಿಂತರು. ಒಂದು ದಿನ ಹತ್ತಿರ ಬಂದು, "ನೋಯ್ತದಾ?" ಎಂದು ಕೇಳಿದರು. ಇರುವೆ ಕಚ್ಚಿದಷ್ಟು ಎಂದೆ. "ಯಾವ ಇರುವೆ? ಕೆಂಪಿರುವೆನಾ ಗೊದ್ದನಾ?" ಎಂದರು. ಆ ಪ್ರಶ್ನೆಗೆ ಇಬ್ಬರೂ ನಕ್ಕೆವು. ಅಂದಿನಿಂದ ಸ್ಪಿರಿಟ್ ಹಚ್ಚಿದ ಹತ್ತಿಯನ್ನು ಅವರೇ ಕೊಡುತ್ತಿದ್ದಾರೆ.

ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದ ತಕ್ಷಣ ನಾನು ಡಬ್ಬಿ ಬಿಚ್ಚುವುದನ್ನು ಕಂಡು ಹಿಂದಿ ಮೇಡಂ, "ಏನ್ ಮೇಷ್ಟ್ರೇ, ಮನೇಲಿ ತಿಂಡಿ ಹಾಕಲ್ವಾ?" ಎಂದು ರೇಗಿಸುತ್ತಿದ್ದರು. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಪ್ಯಾಂಟಿನ ಬಲಜೇಬಿನಲ್ಲಿ ಸಕ್ಕರೆಯ ಒಂದು ಪೊಟ್ಟಣ ಯಾವಾಗಲೂ ಇರುತ್ತಿತ್ತು. ಕೈ ನಡುಗಿದರೆ, ಬೆವರಿದರೆ, ಅದನ್ನು ಬಾಯಿಗೆ ಹಾಕಿಕೊಳ್ಳಬೇಕೆಂದು ವೈದ್ಯರು ಹೇಳಿದ್ದರು. ಎರಡು ಸಲ ಹಾಗೆ ಮಾಡಿದ್ದೆ. ಭಯವೆಂದರೆ ಏನೆಂಬುದು ನನಗೆ ಆಗ ಗೊತ್ತಾಯಿತು. ಸಾಯುತ್ತೇನೆಂಬುದಕ್ಕಿಂತ, ಜನರ ಎದುರಿಗೆ ಬೀಳುತ್ತೇನೆಂಬುದೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ಅಮಾವಾಸ್ಯೆ ಹತ್ತಿರ ಬಂತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಹಿಂದಿನ ದಿನ ತಂದೆಯವರೇ ಎತ್ತಿದರು.

"ನಾಳೆ ನೀನ್ ಬ್ಯಾಡ. ನಾನೇ ಊದ್ತೀನಿ."

"ನಾಕ್ ಮನೆ ಊದಂಗಿಲ್ಲ, ಎದೆ ಹಿಡ್ಕೊಂಡು ಕೂತ್ಕೋತೀರಿ" ಎಂದರು ತಾಯಿ.

"ಬರದಿದ್ರೆ ಯಾಕೆ ಅಂತ ಕೇಳ್ತಾರಪ್ಪಾ. ಏನಂತ ಹೇಳ್ತೀಯ?" ಎಂದೆ ನಾನು.

ಕೊನೆಗೆ ತಾಯಿಯವರು ಒಂದು ದಾರಿ ಹುಡುಕಿದರು. ಬೆಳಕು ಹರಿಯುವ ಮುನ್ನ, ಸ್ನಾನಕ್ಕೂ ಮೊದಲು, ಹಿತ್ತಲಿನ ಒಲೆಯ ಮೇಲೆ ರೊಟ್ಟಿ ಬಡಿದು ನನಗೊಬ್ಬನಿಗೆ ಕೊಡುವುದು. ಸ್ನಾನದ ನಂತರ ಮಡಿ, ಮೊದಲು ತಿಂದದ್ದು ಲೆಕ್ಕಕ್ಕಿಲ್ಲ ಎಂಬುದು ಅವರ ವಾದ. ಮಧ್ಯಾಹ್ನ ಕೈ ನಡುಗಿದರೆ ಜೇಬಿನಲ್ಲಿ ಸಕ್ಕರೆ ಇದ್ದೇ ಇದೆ. ಹಾಗೆಯೇ ಆಯಿತು. ನಾನು ರೊಟ್ಟಿ ತಿನ್ನುವಾಗ ತಂದೆಯವರು ದನದ ಕೊಟ್ಟಿಗೆಯ ಕಡೆ ಮುಖ ಮಾಡಿ ನಿಂತಿದ್ದರು.

ಸೂಜಿ ಚುಚ್ಚಿಕೊಂಡೆ, ರೊಟ್ಟಿ ತಿಂದೆ, ಸ್ನಾನ ಮಾಡಿದೆ, ಮಡಿಪಂಚೆ ಉಟ್ಟು ಹೆಗಲಿಗೆ ವಲ್ಲಿ ಹಾಕಿಕೊಂಡು, ಹಣೆಗೆ ನಾಮ ಇಟ್ಟು ಹೊರಟೆ. ಪಂಚೆಗೆ ಜೇಬಿರುವುದಿಲ್ಲ ಎಂಬ ಸಂಗತಿ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಕ್ಕರೆಯ ಪೊಟ್ಟಣ ಗೂಟಕ್ಕೆ ತಗುಲಿಸಿದ ಪ್ಯಾಂಟಿನಲ್ಲಿ ಉಳಿಯಿತು.

ಬೆಳಿಗ್ಗೆಯ ಮನೆಗಳು ಬೇಗ ಮುಗಿದವು. ಮಧ್ಯಾಹ್ನದಿಂದ ತಡವಾಗತೊಡಗಿತು. ಒಂದು ಮನೆಯಲ್ಲಿ ಸಿಂಗಟಗೆರೆಯ ಬೀಗರು ಬರಬೇಕೆಂದು ಕಾಯಿಸಿದರು. ಇನ್ನೊಂದು ಮನೆಯಲ್ಲಿ ವಡೆ ಬೇಯುವುದು ತಡವಾಯಿತು. ದೊಡ್ಡಮನೆಗೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿ ಬಹಳವಾಗಿತ್ತು. ನನ್ನ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಸೊಂಟಕ್ಕೆ ಕೈ ಹಾಕಿದಾಗ ಜೇಬಿಲ್ಲವೆಂದು ತಿಳಿಯಿತು. ಕೇಳಬಹುದಿತ್ತು. ಒಂದು ಚಮಚ ಸಕ್ಕರೆ ಕೊಡಿ ಎಂದರೆ ಯಾವ ಮನೆಯಲ್ಲೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ಎಡೆಗೆ ಮುಂಚೆ ಶಂಖದವನು ಬಾಯಿಗೆ ಏಕೆ ಹಾಕಿಕೊಳ್ಳುತ್ತಾನೆ ಎಂಬ ಪ್ರಶ್ನೆ ಬರುತ್ತಿತ್ತು. ಇನ್ನೊಂದು ಮನೆ ಮುಗಿಯಲಿ ಎಂದುಕೊಂಡೆ.

ದೊಡ್ಡಮನೆಯ ಯಜಮಾನರು ತೀರಿಕೊಂಡು ಆಗ ಎರಡು ವರ್ಷ. ಅವರ ಹೆಂಡತಿ ಗೌರಮ್ಮನವರು, ಮಗ ಲೋಕೇಶಣ್ಣ, ನೆಂಟರೆಲ್ಲ ನಡುಮನೆಯಲ್ಲಿ ಸೇರಿದ್ದರು. ಎಲೆಯ ಮೇಲೆ ಕಡುಬು, ವಡೆ, ಪಾಯಸ. ಧೂಪದ ಹೊಗೆ ದಟ್ಟವಾಗಿತ್ತು. ತಂದೆಯವರು ಜಾಗಟೆ ಬಾರಿಸಿದರು. ನಾನು ಶಂಖ ಎತ್ತಿದೆ. ಉಸಿರು ಹೊರಟಿತು, ನಾದ ಬರಲಿಲ್ಲ. ಇಲ್ಲಿಂದ ಮುಂದಿನದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಉಳಿದದ್ದನ್ನು ತಂದೆಯವರಿಂದಲೂ ಲೋಕೇಶಣ್ಣನಿಂದಲೂ ಕೇಳಿ ತಿಳಿದುಕೊಂಡೆ.

ನಾನು ಮೊಣಕಾಲೂರಿ ಕುಳಿತೆನಂತೆ. ಮೈ ನಡುಗುತ್ತಿತ್ತು, ಕಣ್ಣು ಒಂದೇ ಕಡೆ ನೆಟ್ಟಿತ್ತು, ಏನೋ ತೊದಲುತ್ತಿದ್ದೆ.

ಯಾರೋ ಹೆಂಗಸು ಕೂಗಿದರು. "ಬಂದ್ರು ಕಣ್ರೋ! ಮೈಮೇಲೆ ಬಂದವ್ರೆ!"

ನೆರೆದವರೆಲ್ಲ ಕೈ ಮುಗಿದರು. ಲೋಕೇಶಣ್ಣ ಧೂಪವನ್ನು ನನ್ನ ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದ. ಗೌರಮ್ಮನವರು ಜನರನ್ನು ಸರಿಸಿಕೊಂಡು ಬಂದು ನನ್ನೆದುರು ನೆಲದ ಮೇಲೆ ಕುಳಿತರು.

"ಯಾರು? ನೀವೇನಾ?"

ನಾನು ತೊದಲಿದೆ.

"ಯಾಕ್ ಹಿಂಗ್ ಬೆವ್ರ್ತಿದೀರಾ? ನನ್ ಮೇಲೆ ಸಿಟ್ಟಾ? ಕೊನೆಗಾಲದಾಗೆ ಒಂದ್ ಚೂರು ಸಿಹಿ ಮುಟ್ಟುಸ್ಲಿಲ್ಲ ಅಂತ ಇನ್ನೂ ಸಿಟ್ಟೈತಾ? ಡಾಕ್ಟ್ರು ಬ್ಯಾಡ ಅಂದಿದ್ರು ಕಣ್ರೀ. ಕೈ ಹಿಡ್ಕೊಂಡು ಕೇಳುದ್ರಿ, ಆದ್ರೂ ಕೊಡ್ಲಿಲ್ಲ ನಾನು." ಅವರು ಅಳತೊಡಗಿದರು. "ಏನ್ ಬೇಕು ಹೇಳಿ. ಬಾಯ್ಬಿಟ್ ಹೇಳಿ."

"ಸಕ್ಕರೆ" ಎಂದೆನಂತೆ ನಾನು.

ತಂದೆಯವರು ಜಾಗಟೆಯನ್ನು ನೆಲಕ್ಕಿಟ್ಟು, ಎಡೆಯ ಪಾಯಸದ ಬಟ್ಟಲಿಗೆ ಕೈ ಹಾಕಿದರು.

"ಲೇ ದಾಸಯ್ಯ, ಎಡೆ ಮುಟ್ಬ್ಯಾಡ! ಇನ್ನೂ ಶಂಖ ಆಗಿಲ್ಲ" ಎಂದು ನೆಂಟರಲ್ಲೊಬ್ಬರು ಗದರಿದರು.

"ಸುಮ್ಕಿರಿ, ಅವ್ರೇ ಕೇಳ್ತಾವ್ರೆ. ಕೊಡ್ಲಿ" ಎಂದರು ಗೌರಮ್ಮ.

ತಂದೆಯವರು ನನ್ನ ತಲೆಯನ್ನು ತೋಳಿನಲ್ಲಿ ಹಿಡಿದು, ಬೆರಳಿನಿಂದ ಪಾಯಸವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿದರು. ಆ ಬೆಲ್ಲದ ರುಚಿ ನನಗೆ ನೆನಪಿದೆ. ಬಟ್ಟಲು ಬರಿದಾಯಿತು. ನಿಧಾನವಾಗಿ ಮುಖಗಳು ಕಾಣಿಸಿದವು. ಎಲ್ಲರೂ ನನಗೆ ಕೈ ಮುಗಿದುಕೊಂಡಿದ್ದರು. ನನ್ನ ಹೆತ್ತವರ ವಯಸ್ಸಿನವರೂ ಮುಗಿದಿದ್ದರು. ಏನಾಯಿತೆಂದು ನನಗೆ ಅರ್ಥವಾಗುವ ಮೊದಲೇ ಗೌರಮ್ಮನವರು ಸಮಾಧಾನದ ಮುಖದಿಂದ ಕೇಳಿದರು.

"ಹೋದ್ರಾ ದಾಸಯ್ಯ? ತೃಪ್ತಿಯಾಗ್ ಹೋದ್ರಾ?"

ಹೌದು ಎಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಮನೆಯ ಗುಟ್ಟು ಉಳಿಯುತ್ತಿತ್ತು, ಊರಿನಲ್ಲಿ ನಮ್ಮ ಮಾನ ಇನ್ನೂ ಹೆಚ್ಚುತ್ತಿತ್ತು, ಗೌರಮ್ಮನವರಿಗೂ ನೆಮ್ಮದಿಯಾಗುತ್ತಿತ್ತು. ತಂದೆಯವರು ಖಾಲಿ ಬಟ್ಟಲನ್ನು ನೆಲಕ್ಕಿಟ್ಟರು.

"ಬಂದಿರ್ಲಿಲ್ಲ ಗೌರಮ್ಮೋರೆ. ನನ್ ಮಗಂಗೆ ಸಕ್ಕರೆ ಕಾಯ್ಲೆ ಐತೆ. ಬೆಳಿಗ್ಗೆ ಸೂಜಿ ತಗೊಂಡಿದ್ದ. ಹೊತ್ತಿಗ್ ಸರಿಯಾಗಿ ಉಣ್ಣಿಸ್ಲಿಲ್ಲ ನಾನು. ನಿಮ್ ಯಜಮಾನ್ರ ಹೆಸ್ರಲ್ಲಿ ಸುಳ್ ಹೇಳಕ್ಕಾಗಲ್ಲ ನಂಗೆ."

ಗೌರಮ್ಮನವರು ಕಣ್ಣೊರೆಸಿಕೊಂಡರು. ಮೊದಲು ಅವರಿಗೆ ಬಂದದ್ದು ಸಿಟ್ಟೇ.

"ಅಲ್ಲ ಕಣೋ, ಮೊದ್ಲೇ ಬಾಯ್ಬಿಡ್ಬಾರ್ದಾ? ಗಂಡ ಹೆಂಡ್ತಿ ಮಾತ್ನೆಲ್ಲ ಬೀಗ್ರು ಮುಂದೆ ಆಡ್ಬಿಟ್ನಲ್ಲೋ!"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅವರು ಆ ಕಡೆ ತಿರುಗಿ ನೋಡಿದೊಡನೆ ನಗು ನಿಂತಿತು. ಆಮೇಲೆ ನನ್ನ ಕಡೆ ತಿರುಗಿದರು.

"ಎಷ್ಟ್ ವಯಸ್ಸೋ ನಿಂಗೆ?"

"ಇಪ್ಪತ್ಮೂರು, ಅಮ್ಮಾ."

"ಅವ್ರಿಗೆ ಅರವತ್ತಾದ್ಮೇಲೆ ಬಂದಿತ್ತು" ಎಂದು, ಮಗನನ್ನು ಕೂಗಿ, "ಲೋಕೇಶ, ಇವ್ನಿಗೆ ಎಲೆ ಹಾಕೋ" ಎಂದರು.

"ಅವ್ವಾ, ಅಪ್ಪಂಗೇ ಇನ್ನೂ ಆಗಿಲ್ಲ."

"ನಿಮ್ಮಪ್ಪ ಎರಡ್ ವರ್ಷದಿಂದ ಹಸ್ಕೊಂಡಿಲ್ಲ. ಹಾಕು."

ಜಗಲಿಯ ಮೇಲೆ ಕೂರಿಸಿ ನನಗೆ ಅನ್ನ ಬಡಿಸಿದರು. ಒಳಗೆ ತಂದೆಯವರೇ ಶಂಖ ಊದುವುದು ಕೇಳಿಸಿತು. ನಾದ ಎರಡು ಕಡೆ ಮುರಿಯಿತು. ಊರಿನ ಹಿರಿಯರಿಗಿಂತ ಮೊದಲು ಅನ್ನ ಉಂಡ ದಾಸಯ್ಯನ ಮನೆಯವರಲ್ಲಿ ನಾನೇ ಮೊದಲಿಗನಿರಬೇಕು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹಸಿವು ಮಾತ್ರ ಬಹಳವಾಗಿತ್ತು.

ಉಳಿದ ಮನೆಗಳಿಗೆ ತಂದೆಯವರು ಒಬ್ಬರೇ ಹೋದರು. ಅವರಿಗಿಂತ ಮೊದಲು ಸುದ್ದಿ ಹೋಗಿತ್ತು. ಒಂದು ಮನೆಯಲ್ಲಿ, ಇವತ್ತು ಎಡೆ ಬೇಡ, ನೋಡಿ ಹೇಳುತ್ತೇವೆ ಎಂದರಂತೆ. ಸಂಜೆ ಮನೆಗೆ ಬಂದು ನಮ್ಮ ಮನೆಯ ಎಡೆ ಮುಗಿಸಿ ಕೂತಾಗ ತಾಯಿಯವರು ಕೇಳಿದರು. "ಯಾಕ್ ಹೇಳುದ್ರಿ? ಆ ಯಮ್ಮನೇ ನಂಬ್ಕೊಂಡಿತ್ತಲ್ಲ."

"ಮುಂದಿನ್ ವರ್ಷ ಯಜಮಾನ್ರು ಮತ್ತೆ ಬರ್ತಾರೆ ಅಂತ ಕಾಯೋಳು ಕಣೇ" ಎಂದರು ತಂದೆಯವರು. "ಇವ್ನು ಮತ್ತೆ ಬೀಳ್ಬೇಕಾಗಿತ್ತು."

ತಾಯಿಯವರು ಎದ್ದು ಫ್ರಿಜ್ಜು ತೆಗೆದು, ಇನ್ಸುಲಿನ್ನಿನ ಪೆಟ್ಟಿಗೆಯನ್ನು ಹುಣಸೆಹಣ್ಣಿನ ಡಬ್ಬಿಯ ಮುಂದಕ್ಕೆ ಇಟ್ಟರು.

ಮುಂದಿನ ಭೇಟಿಯಲ್ಲಿ ತರೀಕೆರೆಯ ವೈದ್ಯರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ನುಂಗುವಷ್ಟು ಎಚ್ಚರವಿದ್ದದ್ದು ನನ್ನ ಅದೃಷ್ಟ, ಪೂರ್ತಿ ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂದರು. ಇದನ್ನು ಬರೆಯಲೇಬೇಕೆನ್ನಿಸಿ ಇಲ್ಲಿ ಬರೆದಿದ್ದೇನೆ.

ಆ ಘಟನೆಯ ನಂತರ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳು ಇಷ್ಟು. ನನ್ನ ಕಾಯಿಲೆ ಊರಿಗೆ ತಿಳಿದಿದೆ, ಶಾಲೆಯಲ್ಲಿಯೂ ನಾನೇ ತಿಳಿಸಿದ್ದೇನೆ. ಎರಡು ಮನೆಯವರು ಈಗ ಪಕ್ಕದ ಊರಿನ ದಾಸಯ್ಯನನ್ನು ಕರೆಸುತ್ತಾರೆ. ತಂದೆಯವರಿಗೆ ಅದು ನೋವು ತಂದಿದೆ, ಅವರು ಅದನ್ನು ಹೇಳುವುದಿಲ್ಲ. ಉಳಿದ ಮನೆಗಳಲ್ಲಿ ಈಗಲೂ ನಾನೇ ಶಂಖ ಊದುತ್ತೇನೆ. ಹಿರಿಯರ ಹಬ್ಬದ ಮೊದಲ ಎಡೆ ಈಗ ನಮ್ಮ ಮನೆಯಲ್ಲಿ, ಬೆಳಿಗ್ಗೆಯೇ ಆಗುತ್ತದೆ. ಮೂವರೂ ಉಂಡ ಮೇಲೆ ತಂದೆಯವರೂ ನಾನೂ ಊರಿನ ಮನೆಗಳಿಗೆ ಹೊರಡುತ್ತೇವೆ, ಮಧ್ಯಾಹ್ನದ ಹೊತ್ತಿಗೆ ಯಾರ ಮನೆಯಲ್ಲಿದ್ದರೆ ಆ ಮನೆಯ ಜಗಲಿಯಲ್ಲಿ ನನಗೆ ಎಲೆ ಹಾಕುತ್ತಾರೆ. ಹೀಗೆ ಮಾಡಿದ ಮೊದಲ ವರ್ಷ ತಾಯಿಯವರೂ ನಮ್ಮ ಜೊತೆಗೇ ಎಲೆ ಹಾಕಿಕೊಂಡು ಕುಳಿತರು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವರು ಹಬ್ಬದ ಅಡುಗೆಯನ್ನು ಬಿಸಿಯಾಗಿ ಉಂಡದ್ದು ಅದೇ ಮೊದಲು.